ತುಕ್ಕು ಹಿಡಿದ ಪ್ರೋಟೀನು: ಜೀವಕೋಶ ರಿಪೇರಿ ಮಾಡುತ್ತದೆಯೋ, ಗುಜರಿಗೆ ಹಾಕುತ್ತದೆಯೋ?

ನವನಗರ ಟೀಚರ್ (ಬಾಗಲಕೋಟೆ)

ನಮಸ್ಕಾರ. ಪಿಯು ಕಾಲೇಜಿನಲ್ಲಿ ಹದಿನೇಳು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಈ ವಾರ ಒಂದು ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಕೈತೊಳೆದುಕೊಂಡೆ. ಅದು ಮನಸ್ಸಿನಲ್ಲಿ ಕೊರೆಯುತ್ತಿದೆ.

ಶುರುವಾದದ್ದು ಮನೆಯಲ್ಲಿ. ನಮ್ಮ ಮಾವನವರು ಕಲ್ಯಾಣ ಮಂಟಪವೊಂದರಲ್ಲಿ ನಡೆದ ಆರೋಗ್ಯ ಶಿಬಿರಕ್ಕೆ ಹೋಗಿ 3,200 ರೂಪಾಯಿಯ ಪುಡಿ ಡಬ್ಬಿ ಹೊತ್ತು ತಂದರು. ಮಾರಿದವನು ಒಂದು ತುಕ್ಕು ಹಿಡಿದ ಮೊಳೆ ತೋರಿಸಿ, "ಅಜ್ಜಾರೇ, ಗಾಳಿಗೆ ಕಬ್ಬಿಣ ಹೀಗೆ ಆಗುತ್ತದೆ, ನಿಮ್ಮ ಮೈಯೊಳಗಿನ ಪ್ರೋಟೀನೂ ಹೀಗೇ ಆಗಿದೆ, ಈ ಪುಡಿ ತುಕ್ಕು ತೆಗೆಯುತ್ತದೆ" ಎಂದನಂತೆ. ಮರುದಿನ ತರಗತಿಯಲ್ಲಿ ನಗೆಯಾಡುತ್ತ ಇದನ್ನು ಹೇಳಿದೆ. ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ತುಕ್ಕು ಹಿಡಿಯುವುದು ನಿಜವೋ ಸುಳ್ಳೋ? ನಿಜವಾದರೆ ಪುಡಿ ತಿನ್ನದವರ ಮೈಯಲ್ಲಿ ಅದನ್ನು ತೆಗೆಯುವವರು ಯಾರು?" ಎಂದಳು.

ಡಿಎನ್‌ಎ ರಿಪೇರಿ ಪುಸ್ತಕದಲ್ಲಿದೆ, ಹೇಳಬಲ್ಲೆ. ಪ್ರೋಟೀನಿನದು? "ಹಾಳಾದದ್ದಕ್ಕೆ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನಿನ ಚೀಟಿ ಅಂಟಿಸಿ, ಪ್ರೋಟಿಯಾಸೋಮ್ ಎಂಬ ಒಡೆಯುವ ಯಂತ್ರದಲ್ಲಿ ಪುಡಿ ಮಾಡಿ, ಹೊಸದು ಕಟ್ಟುತ್ತದೆ" ಎಂದೆ. ಗಂಟೆ ಹೊಡೆಯಿತು, ಬದುಕಿದೆ. ಆದರೆ ಅಷ್ಟೇನಾ? ಎಲ್ಲವನ್ನೂ ಗುಜರಿಗೆ ಹಾಕುತ್ತದೆಯೇ? ರಿಪೇರಿ ಎಂಬುದೇ ಇಲ್ಲವೇ? ಬಲ್ಲವರು ತಿಳಿಸಿ.

ಗೋಕಾಕ ಕರದಂಟು

3,200 ರೂಪಾಯಿಗೆ ಎಷ್ಟು ಕಿಲೋ ಕರದಂಟು ಬರುತ್ತಿತ್ತು ಎಂದು ಲೆಕ್ಕ ಹಾಕಿ ಮಾವನವರಿಗೆ ತೋರಿಸಿ ಟೀಚರ್.

ಉದ್ಯಮಬಾಗ ಎರಕ (ಬೆಳಗಾವಿ)

ನನಗೆ ಜೀವಶಾಸ್ತ್ರ ಗೊತ್ತಿಲ್ಲ, ಕಬ್ಬಿಣ ಗೊತ್ತು. ಒಂದು ಸಂಶಯ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿ, ನೀರು ಎರಡೂ ಬೇಕು. ಮೈಯೊಳಗೆ ಅದನ್ನು ಹಿಡಿಸುವುದು ಯಾವುದು? ನಾವು ಉಸಿರಾಡುವ ಗಾಳಿಯೇ ಎಂದರೆ ಉಸಿರಾಡುವುದೇ ತಪ್ಪಾಯಿತಲ್ಲ.

ಪ್ರಯೋಗಾಲಯದ ಮೂಲೆ

ಊರು ಬೈಲಹೊಂಗಲ, ಸದ್ಯ ಹೊರಗೆ ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ತಡೆದುಕೊಳ್ಳಿ.

ಎರಕದ ಅಣ್ಣಾ, ಉಸಿರಾಡುವುದು ತಪ್ಪಲ್ಲ, ಆದರೆ ಅದಕ್ಕೊಂದು ಬಾಡಿಗೆ ಇದೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಆಮ್ಲಜನಕಕ್ಕೆ ಸೇರಿ ನೀರಾಗಬೇಕು. ನಡುದಾರಿಯಲ್ಲಿ ಒಂದಿಷ್ಟು ಸೋರಿಹೋಗಿ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಅದು ಸೂಪರಾಕ್ಸೈಡ್. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಕಬ್ಬಿಣದ ಅಯಾನು ಹತ್ತಿರ ಸಿಕ್ಕರೆ ಪೆರಾಕ್ಸೈಡಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್. ಈ ಕೊನೆಯದು ಯಾರ ಮಾತನ್ನೂ ಕೇಳುವುದಿಲ್ಲ, ಎದುರಿಗೆ ಸಿಕ್ಕದ್ದನ್ನು ಕಚ್ಚುತ್ತದೆ. ಜೀವಕೋಶದಲ್ಲಿ ಎದುರಿಗೆ ಸಿಗುವುದು ಬಹುಪಾಲು ಪ್ರೋಟೀನೇ.

ಮೊದಲ ಕಾವಲು ಹಾನಿ ಆಗುವ ಮೊದಲೇ ನಿಲ್ಲುತ್ತದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವದ ಕೆಲಸವನ್ನು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿದರು. ಕ್ಯಾಟಲೇಸ್, ಗ್ಲುಟಾಥಯೋನ್ ಇವೆಲ್ಲ ಅದೇ ಸಾಲಿನವು. ಇವುಗಳಿಂದ ತಪ್ಪಿಸಿಕೊಂಡು ಪೆಟ್ಟು ಬಿದ್ದ ಮೇಲೆ ಟೀಚರ್ ಅವರ ಪ್ರಶ್ನೆ ಶುರು.

ರಿಪೇರಿ ಇದೆ. ಆದರೆ ಪ್ರೋಟೀನು ಕಟ್ಟುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಮುಖ್ಯವಾಗಿ ಎರಡಕ್ಕೆ ಮಾತ್ರ: ಸಿಸ್ಟೀನ್ ಮತ್ತು ಮೆಥಿಯೋನಿನ್. ಎರಡರಲ್ಲೂ ಗಂಧಕ ಇದೆ, ಆಮ್ಲಜನಕ ಮೊದಲು ಹೋಗಿ ಅಂಟುವುದೂ ಅಲ್ಲೇ. ಮೆಥಿಯೋನಿನ್ ಸಲ್ಫಾಕ್ಸೈಡ್ ಆದರೆ ಅದನ್ನು ಹಿಂದಕ್ಕೆ ತಿರುಗಿಸಲೆಂದೇ ರಿಡಕ್ಟೇಸ್ ಎಂಬ ಒಂದು ಕಿಣ್ವ ಇದೆ. ಸಿಸ್ಟೀನುಗಳು ಒಂದಕ್ಕೊಂದು ತಪ್ಪಾಗಿ ಗಂಟು ಬಿದ್ದರೆ ಥಯೋರೆಡಾಕ್ಸಿನ್, ಗ್ಲುಟಾರೆಡಾಕ್ಸಿನ್ ಬಿಡಿಸುತ್ತವೆ. ಇದಕ್ಕೆಲ್ಲ ಬೇಕಾದ ಎಲೆಕ್ಟ್ರಾನು ಬರುವುದು ಅದನ್ನು ಹೊತ್ತು ತರುವ ಅಣು ಎನ್‌ಎಡಿಪಿಎಚ್‌ನಿಂದ, ಅದು ಬರುವುದು ಹೆಚ್ಚಾಗಿ ಗ್ಲೂಕೋಸಿನಿಂದ. ಅಂದರೆ ಮಾವನವರು ಬೆಳಿಗ್ಗೆ ತಿಂದ ಜೋಳದ ರೊಟ್ಟಿ ಈ ಕೆಲಸವನ್ನು ಪುಡಿಗಿಂತ ಮೊದಲೇ ಶುರು ಮಾಡಿದೆ.

ಉಳಿದವು? ಲೈಸೀನ್, ಆರ್ಜಿನೀನ್, ಪ್ರೋಲೀನ್, ಥ್ರಿಯೋನೀನ್ ಮೇಲೆ ಪೆಟ್ಟು ಬಿದ್ದರೆ ಕಾರ್ಬೊನಿಲ್ ಎಂಬ ಕಲೆ ಉಳಿಯುತ್ತದೆ. ಅದನ್ನು ಅಳಿಸುವ ರಬ್ಬರು ಜೀವಕೋಶದ ಬಳಿ ಇಲ್ಲ ಎಂದೇ ತಿಳಿಯಿರಿ. ಅಂಥ ಪ್ರೋಟೀನಿಗೆ ಗುಜರಿಯೇ ಗತಿ.

ಇನ್ನು ಒಂದು ತಿದ್ದುಪಡಿ. ಟೀಚರ್ ಹೇಳಿದ ಚೀಟಿಯ ಮಾತು ಇಲ್ಲಿ ಪೂರ್ತಿ ಸರಿಯಲ್ಲ. ಅದನ್ನು ಆಮೇಲೆ ಬರೆಯುತ್ತೇನೆ, ಪ್ರಯೋಗಾಲಯದಲ್ಲಿ ಜೆಲ್ ಪರೀಕ್ಷೆ ಓಡುತ್ತಿದೆ.

ಇಂಡಿ ಲಿಂಬೆ

ಇಷ್ಟು ದೊಡ್ಡ ಪಾಠ ಬೇಕೇ? ಬದನೆಕಾಯಿ ಹೆಚ್ಚಿ ಇಡಿ, ಐದು ನಿಮಿಷಕ್ಕೆ ಕಪ್ಪಾಗುತ್ತದೆ. ಲಿಂಬೆ ಹಿಂಡಿ, ಬೆಳ್ಳಗೇ ಇರುತ್ತದೆ. ಆಕ್ಸಿಡೀಕರಣ ನಿಂತಿತು. ಮೈಯೊಳಗೂ ಅದೇ. ಹಿರಿಯರು ಊಟಕ್ಕೆ ಲಿಂಬೆ ಇಟ್ಟದ್ದು ಸುಮ್ಮನೆ ಅಲ್ಲ.

ನವನಗರ ಟೀಚರ್ (ಬಾಗಲಕೋಟೆ)

ಇದಕ್ಕೆ ನಾನೇ ಉತ್ತರಿಸಬಲ್ಲೆ. ಬದನೆಕಾಯಿ ಕಪ್ಪಾಗುವುದು ಪ್ರೋಟೀನು ಹಾಳಾಗಿ ಅಲ್ಲ, ಅದರಲ್ಲಿರುವ ಒಂದು ಕಿಣ್ವ ಚೆನ್ನಾಗಿ ಕೆಲಸ ಮಾಡುವುದರಿಂದ! ಹೆಚ್ಚಿದಾಗ ಪಾಲಿಫೀನಾಲ್ ಆಕ್ಸಿಡೇಸ್ ಹೊರಬಂದು ಫೀನಾಲುಗಳ ಮೇಲೆ ಬಿದ್ದು ಕಂದು ಬಣ್ಣ ಮಾಡುತ್ತದೆ. ಲಿಂಬೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ, ಸಿ ವಿಟಮಿನ್ ಒಂದಿಷ್ಟು ಬಣ್ಣವನ್ನು ಹಿಂದಕ್ಕೆ ತಿರುಗಿಸುತ್ತದೆ. ಬದನೆಕಾಯಿ ಪಲ್ಯದ ಬುದ್ಧಿಯನ್ನು ಜೀವಕೋಶಕ್ಕೆ ಹಚ್ಚಬೇಡಿ.

ಇಂಡಿ ಲಿಂಬೆ

ಅಂದರೆ ಲಿಂಬೆ ಕೆಲಸ ಮಾಡಿತಲ್ಲ, ನಾನು ಹೇಳಿದ್ದೂ ಅದೇ.

ಉದ್ಯಮಬಾಗ ಎರಕ (ಬೆಳಗಾವಿ)

ಈಗ ನನ್ನ ಭಾಷೆಗೆ ಬಂದಿರಿ. ನಮ್ಮಲ್ಲಿ ದಿನವೂ ನಡೆಯುವುದು ಇದೇ. ಅಚ್ಚಿನಿಂದ ತೆಗೆದ ಎರಕದಲ್ಲಿ ಸಣ್ಣ ಬ್ಲೋಹೋಲ್ (ಗಾಳಿಯ ತೂತು) ಇದ್ದರೆ, ಅದೂ ಭಾರ ಬೀಳದ ಜಾಗದಲ್ಲಿದ್ದರೆ, ತುಂಬಿ ಉಜ್ಜಿ ಕಳಿಸಬಹುದು. ಬಿರುಕು ಬಿಟ್ಟಿದ್ದರೆ ಸುತ್ತಿಗೆ ತೆಗೆದುಕೊಂಡು ಒಡೆದು ಮತ್ತೆ ಕುಲುಮೆಗೆ. ರನ್ನರ್, ರೈಸರ್ ಎಂದು ಉಳಿಯುವ ತುಂಡುಗಳೂ ಅಲ್ಲಿಗೇ. ಒಂದು ತುಂಡೂ ವ್ಯರ್ಥವಿಲ್ಲ.

ಆದರೆ ಗುಜರಿಯಲ್ಲೂ ಜಾತಿ ಇದೆ. ನಮ್ಮದೇ ತುಂಡು ಶುದ್ಧ. ಹೊರಗಿನಿಂದ ಬಂದ ತುಕ್ಕು ಹಿಡಿದ ಗುಜರಿಯನ್ನು ಜಾಸ್ತಿ ಹಾಕಿದರೆ ಕಿಟ್ಟ ಜಾಸ್ತಿ. ಮೇಲೆ ತೇಲುವುದನ್ನು ಉದ್ದನೆಯ ಸಲಾಕೆಯಿಂದ ಎಳೆದು ತೆಗೆಯಬೇಕು, ಮುಖಕ್ಕೆ ಝಳ ಹೊಡೆಯುತ್ತದೆ. ತೆಗೆಯಲು ಆಲಸ್ಯ ಮಾಡಿದರೆ ಕಿಟ್ಟ ಕುಲುಮೆಯ ಒಳಗೋಡೆಗೆ ಹತ್ತಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ 500 ಕಿಲೋ ಹಿಡಿಯುವ ಕುಲುಮೆ 400 ಕಿಲೋ ಹಿಡಿಯಲೂ ಅಳುತ್ತದೆ. ತಮ್ಮಾ, ನಿಮ್ಮ ಜೀವಕೋಶದ ಕುಲುಮೆಗೆ ಕಿಟ್ಟ ಹತ್ತುವುದಿಲ್ಲವೇ?

ಪ್ರಯೋಗಾಲಯದ ಮೂಲೆ

ಅಣ್ಣಾ, ನಿಮಗೆ ಯಾರೋ ಮೊದಲೇ ಹೇಳಿಕೊಟ್ಟಿದ್ದಾರೆ ಎಂಬ ಅನುಮಾನ ಬರುತ್ತಿದೆ. ಹತ್ತುತ್ತದೆ. ಅದರ ಹೆಸರು ಲಿಪೋಫಸಿನ್. ಹಳದಿ ಕಂದು ಬಣ್ಣದ ಕಾಳುಗಳು. ವಯಸ್ಸಾದವರ ಹೃದಯದ ಸ್ನಾಯುವಿನಲ್ಲಿ, ನರಕೋಶಗಳಲ್ಲಿ ಸೂಕ್ಷ್ಮದರ್ಶಕದಡಿ ಕಾಣಸಿಗುತ್ತವೆ.

ಅಲ್ಲಿಗೆ ತಲುಪುವ ದಾರಿ ಹೇಳುತ್ತೇನೆ, ಚೀಟಿಯ ಮಾತೂ ಅದರಲ್ಲೇ ಬರುತ್ತದೆ. ಪ್ರೋಟಿಯಾಸೋಮ್ ಎಂದರೆ ಕೊಳವೆ. ಏಳು ತುಂಡಿನ ಬಳೆ ನಾಲ್ಕು, ಒಂದರ ಮೇಲೊಂದು, ಒಟ್ಟು 28. ಹಲ್ಲುಗಳೆಲ್ಲ ಒಳಗಡೆ. ಇದಿಷ್ಟೇ ಇದ್ದರೆ 20ಎಸ್. ಒಂದು ಅಥವಾ ಎರಡೂ ತುದಿಗೆ ಟೊಪ್ಪಿಗೆ ಹಾಕಿಕೊಂಡರೆ 26ಎಸ್. ಆ ಟೊಪ್ಪಿಗೆಯೇ ಯುಬಿಕ್ವಿಟಿನ್ ಚೀಟಿ ಓದಿ, ಎಟಿಪಿ ಎಂಬ ಜೀವಕೋಶದ ಇಂಧನ ಸುಟ್ಟು, ಪ್ರೋಟೀನಿನ ಮಡಿಕೆ ಬಿಚ್ಚಿ ಒಳಗೆ ತಳ್ಳುವುದು. ಯುಬಿಕ್ವಿಟಿನ್ ಪದ್ಧತಿಗೆ 2004ರಲ್ಲಿ ಚೀಚನೋವರ್, ಹೆರ್ಷ್ಕೊ, ರೋಸ್ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಪುಸ್ತಕದಲ್ಲಿರುವುದು ಅದು.

ಆದರೆ ಸಣ್ಣ ಪೆಟ್ಟು ತಿಂದ ಪ್ರೋಟೀನು ಮಡಿಕೆ ಸಡಿಲಿಸಿ, ಒಳಗೆ ಮುಚ್ಚಿಟ್ಟಿದ್ದ ಜಿಡ್ಡಿನ ಭಾಗವನ್ನು ತಾನೇ ಹೊರಗೆ ತೋರಿಸುತ್ತದೆ. 20ಎಸ್‌ಗೆ ಅದೇ ಸಾಕು. ಚೀಟಿ ಬೇಡ, ಎಟಿಪಿ ಬೇಡ. ಯುಬಿಕ್ವಿಟಿನ್ ಹಚ್ಚುವ ಕಿಣ್ವವನ್ನು ಶಾಖ ಕೊಟ್ಟು ನಿಲ್ಲಿಸಬಹುದಾದ ಜೀವಕೋಶಗಳಿವೆ. ಅವುಗಳಲ್ಲಿ ಆ ಕಿಣ್ವ ನಿಂತ ಮೇಲೂ ಆಕ್ಸಿಡೀಕರಣಗೊಂಡ ಪ್ರೋಟೀನುಗಳು ಒಡೆಯುತ್ತಲೇ ಇದ್ದವು. ಪೆರಾಕ್ಸೈಡಿನ ಹೊಡೆತ ಜೋರಾದಾಗ 26ಎಸ್‌ನ ಟೊಪ್ಪಿಗೆಯೇ ಕಳಚಿ ಬೀಳುತ್ತದೆ, ಕಷ್ಟಕಾಲದ ಸಹಾಯಕ ಪ್ರೋಟೀನಾದ ಎಚ್‌ಎಸ್‌ಪಿ70 ಅದನ್ನು ಜೋಪಾನ ಮಾಡಿ ಇಟ್ಟುಕೊಳ್ಳುತ್ತದೆ, ಅಷ್ಟು ಹೊತ್ತು ಬರಿ ತಲೆಯ 20ಎಸ್ ದುಡಿಯುತ್ತದೆ. ಚೀಟಿಗೆ ಪಾತ್ರವೇ ಇಲ್ಲ ಎನ್ನುವುದಿಲ್ಲ. ನಮ್ಮಲ್ಲೇ ಇದರ ಬಗ್ಗೆ ಜಗಳ ಇದೆ. ನಾನು 20ಎಸ್ ಪಕ್ಷದವನು.

ಈಗ ಕಿಟ್ಟ. ಸಣ್ಣ ಪೆಟ್ಟು ಬಿದ್ದ ಪ್ರೋಟೀನು ಬೇಗ ಒಡೆಯುತ್ತದೆ, ಮಾಮೂಲಿಗಿಂತಲೂ ಬೇಗ. ಪೆಟ್ಟು ಅತಿಯಾಗಿ, ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾದರೆ ಪ್ರೋಟಿಯಾಸೋಮಿನ ಇಕ್ಕಟ್ಟು ಬಾಯಿಗೆ ಹಿಡಿಸುವುದೇ ಇಲ್ಲ. ಅಷ್ಟೇ ಅಲ್ಲ, ಬಾಯಿಗೆ ಅಡ್ಡ ಸಿಕ್ಕಿಕೊಂಡು ಬೇರೆಯದಕ್ಕೂ ದಾರಿ ಬಿಡುವುದಿಲ್ಲ. ಅಂಥ ಉಂಡೆಯನ್ನು ಪೊರೆಯಲ್ಲಿ ಸುತ್ತಿ ಜೀವಕೋಶದ ಜೀರ್ಣಚೀಲವಾದ ಲೈಸೋಸೋಮಿಗೆ ಸಾಗಿಸಬೇಕು. ಅಲ್ಲೂ ಜೀರ್ಣವಾಗದೆ ಉಳಿದದ್ದು ನಿಮ್ಮ ಕಿಟ್ಟ.

ಸೈಕಲ್ ಸವಾರ (ವಿಜಯಪುರ)

ಹಾಗಾದರೆ ಗುಜರಿಗೆ ಹಾಕುವುದಾದರೂ ಬೇಗ ಹಾಕಬೇಕು ಎಂದಾಯಿತು. ನಮ್ಮ ಮನೆಯ ಅಟ್ಟಕ್ಕೂ ಈ ಮಾತು ಅನ್ವಯಿಸುತ್ತದೆ.

ಮಾಲ್ದಂಡಿ (ಸಿಂದಗಿ)

ಮನುಷ್ಯರದ್ದೇ ಮಾತಾಯಿತು. ನಮ್ಮ ಹೊಲದಲ್ಲಿ ನಿಂತು ಬಿಸಿಲು ಕುಡಿಯುವ ಜೋಳದ್ದು ಯಾರು ಕೇಳುತ್ತಾರೆ?

ಕೃಷಿ ಓದಿ ಹೊಲಕ್ಕೇ ವಾಪಸು ಬಂದವನು ನಾನು. ಎಲೆಯಲ್ಲಿ ಬೆಳಕು ಹಿಡಿಯುವ ಯಂತ್ರವೊಂದಿದೆ, ಫೋಟೋಸಿಸ್ಟಮ್ 2. ಅದರ ನಡುಗಂಬ ಡಿ1 ಎಂಬ ಪ್ರೋಟೀನು. ನೀರನ್ನು ಒಡೆದು ಆಮ್ಲಜನಕ ಬಿಡುವ ಕೆಲಸ ನಡೆಯುವುದು ಇದರ ಮಗ್ಗುಲಲ್ಲೇ. ಬೆಂಕಿಯ ಪಕ್ಕ ಕುಳಿತವನಿಗೆ ಸುಡದೆ ಇರುತ್ತದೆಯೇ? ಬಿಸಿಲು ಚುರುಕಾದರೆ ಡಿ1 ಅರ್ಧ ಗಂಟೆ, ಗಂಟೆಯೊಳಗೆ ಕೆಟ್ಟುಹೋಗುತ್ತದೆ. ಸುತ್ತಲಿನ ಬೇರೆ ಪ್ರೋಟೀನುಗಳು ಗಟ್ಟಿ.

ಬೋರ್‌ವೆಲ್ ಮೋಟಾರ್ ಸುಟ್ಟರೆ ನಾವು ಏನು ಮಾಡುತ್ತೇವೆ? ಪೂರ್ತಿ ಮೋಟಾರ್ ಬಿಸಾಡುತ್ತೇವೆಯೇ? ಪೈಪು ಎತ್ತಿಸಿ, ಮೋಟಾರ್ ಬಿಚ್ಚಿಸಿ, ಸುಟ್ಟ ವೈಂಡಿಂಗ್ ಮಾತ್ರ ತೆಗೆಸಿ ಹೊಸ ತಂತಿ ಸುತ್ತಿಸುತ್ತೇವೆ. ಎಲೆಯೂ ಅದನ್ನೇ ಮಾಡುತ್ತದೆ. ಯಂತ್ರವನ್ನು ಅರ್ಧ ಬಿಚ್ಚಿ, ಸುಟ್ಟ ಡಿ1 ಅನ್ನು ಎಫ್‌ಟಿಎಸ್‌ಎಚ್ ಎಂಬ ಪ್ರೋಟೀನು ಕತ್ತರಿಸುವ ಕಿಣ್ವದಿಂದ ಎಳೆದು ಒಡೆದು, ಅದೇ ಜಾಗಕ್ಕೆ ಹೊಸ ಡಿ1 ಕಟ್ಟಿ, ಮತ್ತೆ ಜೋಡಿಸುತ್ತದೆ. ನಾಳೆಯೂ ಇದೇ, ನಾಡಿದ್ದೂ ಇದೇ. ಹಿಂಗಾರಿ ಜೋಳ ನಿಂತಿರುವಷ್ಟು ದಿನ ಎಲೆಯೊಳಗೆ ವೈಂಡಿಂಗ್ ಅಂಗಡಿ ತೆರೆದೇ ಇರುತ್ತದೆ.

ಆದ್ದರಿಂದ ರಿಪೇರಿಯೋ ಗುಜರಿಯೋ ಎಂಬ ಪ್ರಶ್ನೆಯೇ ಓರೆಯಾಗಿದೆ ಟೀಚರ್. ಡಿ1 ಕಡೆಯಿಂದ ನೋಡಿದರೆ ಗುಜರಿ, ಯಂತ್ರದ ಕಡೆಯಿಂದ ನೋಡಿದರೆ ರಿಪೇರಿ.

ನವನಗರ ಟೀಚರ್ (ಬಾಗಲಕೋಟೆ)

ವೈಂಡಿಂಗ್ ಅಂಗಡಿ ನಾಳೆ ತರಗತಿಗೆ ಹೋಗುತ್ತದೆ. ಹೆಸರು ಹೇಳಿಯೇ ಬಳಸುತ್ತೇನೆ ಮಾಲ್ದಂಡಿ ಅವರೇ.

ಗೋಕಾಕ ಕರದಂಟು

ಮೋಟಾರ್ ವೈಂಡಿಂಗಿಗೆ ಈಗ ಎಷ್ಟು ತೆಗೆದುಕೊಳ್ಳುತ್ತಾರೆ ಸಿಂದಗಿಯಲ್ಲಿ? ನಮ್ಮಲ್ಲಿ ಕಿವಿ ಹಿಂಡುತ್ತಿದ್ದಾರೆ.

ಮಾಲ್ದಂಡಿ (ಸಿಂದಗಿ)

ಅದನ್ನು ಕೇಳಬೇಡಿ, ಈಗಷ್ಟೇ ಕೊಟ್ಟು ಬಂದೆ.

ನಿಪ್ಪಾಣಿ ಕಾಕಾ

ನಾನು ತಂಬಾಕಿನ ಊರಿನವನು. ನಲವತ್ತು ವರ್ಷ ಬೀಡಿ ಸೇದಿದ ನಮ್ಮ ಅಣ್ಣನ ಪುಪ್ಪುಸ ಈಗ ಜೊಳ್ಳಾಗಿದೆ. ಹತ್ತು ಮೆಟ್ಟಿಲು ಹತ್ತಿ, ನಡುವೆ ಕಂಬ ಹಿಡಿದು ನಿಂತು, ತುಟಿ ಸುತ್ತಿಸಿ ಉಸಿರು ಬಿಡುತ್ತಾನೆ. ಡಾಕ್ಟರರು ಎಂಫಿಸೀಮಾ ಎಂದರು. ಹೊಗೆಯಲ್ಲೂ ಈ ನಿಮ್ಮ ತುಕ್ಕು ಹಿಡಿಸುವ ಪದಾರ್ಥ ಇರುತ್ತದಂತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ, ಇಲ್ಲವೇ? ಇದ್ದರೆ ಆ ರಿಪೇರಿಯವರು ಎಲ್ಲಿ ಹೋಗಿದ್ದರು?

ಪ್ರಯೋಗಾಲಯದ ಮೂಲೆ

ಕಾಕಾ, ನೇರ ಸಂಬಂಧ ಇದೆ. ನಮ್ಮ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕತ್ತರಿ ಇಟ್ಟುಕೊಂಡಿರುತ್ತವೆ. ಅದು ಕೈತಪ್ಪಿ ಪುಪ್ಪುಸದ ಹಿಗ್ಗುವ ನಾರನ್ನು ಕತ್ತರಿಸದಂತೆ ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಕಾಯುತ್ತದೆ. ಆ ಕಾವಲುಗಾರನ ಕೊಕ್ಕೆ ಇರುವುದು 358ನೇ ಸ್ಥಾನದ ಮೆಥಿಯೋನಿನ್‌ನಲ್ಲಿ. ಹೊಗೆ ಆ ಒಂದೇ ಒಂದು ಮೆಥಿಯೋನಿನ್‌ಗೆ ಆಮ್ಲಜನಕ ಅಂಟಿಸಿದರೆ ಕೊಕ್ಕೆ ಜಾರುತ್ತದೆ, ಕತ್ತರಿಗೆ ಕೈ ಬಿಚ್ಚಿದಂತೆ. ಹೊಗೆ ಬಿಳಿ ಕಣಗಳನ್ನೂ ಪುಪ್ಪುಸಕ್ಕೆ ಕರೆತರುತ್ತದೆ, ಅಂದರೆ ಕತ್ತರಿಗಳೂ ಹೆಚ್ಚು.

ರಿಪೇರಿಯವರು ಜೀವಕೋಶದ ಒಳಗೆ ಇರುತ್ತಾರೆ ಕಾಕಾ, ಈ ಪೆಟ್ಟು ಬೀಳುವುದು ಹೊರಗೆ. ಅಣ್ಣನವರು ಈಗ ಬಿಟ್ಟರೂ ಲಾಭವಿದೆ. ಹೋದ ನಾರು ಬರುವುದಿಲ್ಲ, ಇದ್ದದ್ದು ಸವೆಯುವುದು ನಿಧಾನವಾಗುತ್ತದೆ.

ನಿಪ್ಪಾಣಿ ಕಾಕಾ

ಬಿಟ್ಟಿದ್ದೇನೆ ಎನ್ನುತ್ತಾನೆ. ಅಂಗಿ ಜೇಬು ವೈನಿಯವರೇ ನೋಡಬೇಕು.

ಇಳಕಲ್ ಸೆರಗು

ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಮನೆ ನೇಕಾರರದ್ದು. ರಿಪೇರಿಯೂ ಗುಜರಿಯೂ ಹೆಚ್ಚುಕಡಿಮೆ ಇಲ್ಲದ ಜಾಗ ಒಂದಿದೆ, ಅದನ್ನು ಯಾರೂ ಹೇಳಲಿಲ್ಲ: ಕಣ್ಣಿನ ಮಸೂರ.

ಬೆಳಕು ಅಡ್ಡಿಯಿಲ್ಲದೆ ಹಾಯಬೇಕೆಂದು ಮಸೂರದ ನಾರುಕೋಶಗಳು ಬೆಳೆಯುವಾಗಲೇ ತಮ್ಮ ನ್ಯೂಕ್ಲಿಯಸ್ಸು, ಮೈಟೊಕಾಂಡ್ರಿಯಾ ಎಲ್ಲವನ್ನೂ ಕಳೆದುಕೊಳ್ಳುತ್ತವೆ. ಆಮೇಲೆ ಹೊಸ ಪ್ರೋಟೀನು ಕಟ್ಟುವುದಿಲ್ಲ. ನಟ್ಟನಡುವೆ ಇರುವ ಕ್ರಿಸ್ಟಾಲಿನ್ ಪ್ರೋಟೀನು ನೀವು ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾದದ್ದು. ಎಪ್ಪತ್ತರ ಅಜ್ಜಿಯ ಕಣ್ಣಲ್ಲೂ ಅದೇ ಸರಕು. ಎಪ್ಪತ್ತು ವರ್ಷ ಒಂದೇ ಸೀರೆ ಉಟ್ಟಂತೆ.

ಗ್ಲುಟಾಥಯೋನ್ ಅಲ್ಲಿ ಬಹಳ ಇರುತ್ತದೆ, ವಯಸ್ಸಾದಂತೆ ನಡುಭಾಗಕ್ಕೆ ಅದರ ಪೂರೈಕೆ ತಗ್ಗುತ್ತದೆ. ಆಲ್ಫಾ ಕ್ರಿಸ್ಟಾಲಿನ್ ಬರೀ ಇಟ್ಟಿಗೆಯಲ್ಲ, ಸಡಿಲಾದ ಬೇರೆ ಪ್ರೋಟೀನುಗಳನ್ನು ಹಿಡಿದುಕೊಂಡು ಉಂಡೆಯಾಗದಂತೆ ನೋಡಿಕೊಳ್ಳುವ ಶಾಪರೋನ್ ಕೂಡ. ಎಷ್ಟು ಅಂತ ಹಿಡಿಯುತ್ತದೆ? ಒಂದು ದಿನ ಅದರ ಕೈಯೂ ತುಂಬುತ್ತದೆ. ಕಣ್ಣಿಗೆ ಪೊರೆ ಬರುತ್ತದೆ.

ನಮ್ಮ ಅಮ್ಮನಿಗೆ ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿದಾಗ, ಮಗ್ಗದ ಮೇಲಿದ್ದ ಸೀರೆ ನೋಡಿ, "ಇದು ನೀಲಿಯೇ? ನಾನು ಇಷ್ಟು ದಿನ ಹಸಿರೆಂದುಕೊಂಡು ನೇಯುತ್ತಿದ್ದೆ" ಎಂದಳು. ಕಂದು ಹಿಡಿದ ಮಸೂರ ನೀಲಿಯನ್ನು ನುಂಗುತ್ತದೆ. ಅವಳ ಮಸೂರ ನಿಜಕ್ಕೂ ಬೆಲ್ಲದ ಬಣ್ಣಕ್ಕೆ ಬಂದಿತ್ತು.

ಇಂಡಿ ಲಿಂಬೆ

ಅದಕ್ಕೇ ಹೇಳಿದ್ದು, ಮೊದಲಿನಿಂದ ಆಂಟಿಆಕ್ಸಿಡೆಂಟ್ ತೆಗೆದುಕೊಂಡಿದ್ದರೆ ತುಕ್ಕು ಹಿಡಿಯುತ್ತಲೇ ಇರಲಿಲ್ಲ. ರೋಗ ಬರುವ ಮುಂಚೆ ತಡೆಯುವುದು ಮೇಲಲ್ಲವೇ?

ಬಾದಾಮಿ ಬಂಡೆ

ಔಷಧಿ ಅಂಗಡಿ ನಡೆಸುವವನು ನಾನು, ಆ ಮಾತ್ರೆಗಳನ್ನು ಮಾರಿ ಲಾಭ ಮಾಡಿಕೊಳ್ಳುವವನೂ ನಾನೇ, ಆದ್ದರಿಂದ ನನ್ನ ಮಾತನ್ನು ನಂಬಬಹುದು.

ನೀವು ಹೇಳುವ ತರ್ಕ 1956ರಲ್ಲಿ ಡೆನ್ಹಮ್ ಹಾರ್ಮನ್ ವಯಸ್ಸಾಗುವಿಕೆಗೆ ಫ್ರೀ ರ‍್ಯಾಡಿಕಲ್ಲುಗಳೇ ಕಾರಣ ಎಂದಾಗಿನಿಂದ ಚಾಲ್ತಿಯಲ್ಲಿದೆ. ಕೇಳಲು ಚೆನ್ನಾಗಿದೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಪರೀಕ್ಷೆ ಮಾಡಿದರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್, ಕೆಲವರಿಗೆ ಇ ವಿಟಮಿನ್, ಕೆಲವರಿಗೆ ಎರಡೂ, ಕೆಲವರಿಗೆ ಹುಸಿ ಮಾತ್ರೆ. 1994ರಲ್ಲಿ ಫಲಿತಾಂಶ ಬಂತು: ಬೀಟಾ ಕ್ಯಾರೊಟೀನ್ ತಿಂದವರಲ್ಲಿ ಪುಪ್ಪುಸದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು! ಗಜ್ಜರಿ ತಿನ್ನಿ, ಯಾರೂ ಬೇಡ ಎನ್ನುವುದಿಲ್ಲ. ಮಾತ್ರೆ ಬೇರೆ ಮಾತು.

ಇಂಡಿ ಲಿಂಬೆ

ಅದು ಬೀಟಾ ಕ್ಯಾರೊಟೀನ್, ನಾನು ಹೇಳಿದ್ದು ಸಿ ವಿಟಮಿನ್. ಗಜ್ಜರಿಯ ತಪ್ಪನ್ನು ಲಿಂಬೆಯ ಮೇಲೆ ಹಾಕಬೇಡಿ.

ಸೈಕಲ್ ಸವಾರ (ವಿಜಯಪುರ)

ಸಿ ವಿಟಮಿನ್‌ದು ನಾನು ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಸೈಕಲ್ ತುಳಿಯುವ ಹುಡುಗರಿಗೆ ಕಡಿಮೆಯಿಲ್ಲ, ಅಭ್ಯಾಸ ಮುಗಿಯುತ್ತಿದ್ದಂತೆ ಮಾತ್ರೆ ಬಾಯಿಗೆ ಹಾಕಿಕೊಳ್ಳುವವರಿಗೂ ಕಡಿಮೆಯಿಲ್ಲ. ನಾನೂ ಎರಡು ವರ್ಷ ನುಂಗಿದೆ. 2009ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ದಿನಕ್ಕೆ 1,000 ಮಿಲಿಗ್ರಾಂ ಸಿ ಮತ್ತು ಜೊತೆಗೆ ಇ. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಬೇಕಲ್ಲ, ಆ ಲಾಭ ಮಾತ್ರೆ ತಿನ್ನದವರಿಗೆ ಬಂತು, ತಿಂದವರಿಗೆ ಬರಲಿಲ್ಲ. ತುಳಿದದ್ದೂ ಹೋಯಿತು, ದುಡ್ಡೂ ಹೋಯಿತು.

ಯಾಕೆ ಹೀಗೆ ಎಂದು ಮೂಲೆಯವರು ಹೇಳಲಿ.

ಪ್ರಯೋಗಾಲಯದ ಮೂಲೆ

ಪೆರಾಕ್ಸೈಡ್ ಬರೀ ಕಳ್ಳನಲ್ಲ, ಡಂಗುರದವನೂ ಹೌದು. ಕೀಪ್1 ಎಂಬ ಪ್ರೋಟೀನು ಎನ್‌ಆರ್‌ಎಫ್2 ಎಂಬ ಇನ್ನೊಂದನ್ನು ಹಿಡಿದುಕೊಂಡು ಹುಟ್ಟಿದ ಹಾಗೆಯೇ ಪ್ರೋಟಿಯಾಸೋಮಿಗೆ ಕೊಡಿಸುತ್ತಿರುತ್ತದೆ. ಇಲ್ಲಿ ಮಾತ್ರ ಟೀಚರ್ ಹೇಳಿದ ಚೀಟಿ ಪದ್ಧತಿ ಪಕ್ಕಾ. ಪೆರಾಕ್ಸೈಡು ಏರಿದರೆ ಕೀಪ್1ನ ಸಿಸ್ಟೀನುಗಳಿಗೆ ಅದು ಚುಚ್ಚುತ್ತದೆ, ಹಿಡಿತ ತಪ್ಪುತ್ತದೆ. ಎನ್‌ಆರ್‌ಎಫ್2 ನ್ಯೂಕ್ಲಿಯಸ್ಸಿಗೆ ಓಡಿಹೋಗಿ ಗ್ಲುಟಾಥಯೋನ್, ಥಯೋರೆಡಾಕ್ಸಿನ್, ಪ್ರೋಟಿಯಾಸೋಮಿನ ತುಂಡುಗಳು ಎಲ್ಲವನ್ನೂ ಹೆಚ್ಚು ತಯಾರಿಸುವಂತೆ ಜೀನುಗಳನ್ನು ಎಬ್ಬಿಸುತ್ತದೆ. ತಾನು ಕೆಟ್ಟೇ ಸುದ್ದಿ ಮುಟ್ಟಿಸುವ ಪ್ರೋಟೀನು ಕೀಪ್1. ಡಂಗುರ ಕೇಳದಂತೆ ಕಿವಿಗೆ ಹತ್ತಿ ಇಟ್ಟರೆ ಊರು ಎಚ್ಚರವಾಗುವುದು ಹೇಗೆ?

ಲಿಂಬೆಯವರೇ, ಸಿ ವಿಟಮಿನ್ ಇಲ್ಲದಿದ್ದರೆ ಕೊಲ್ಯಾಜನ್ ಸರಿಯಾಗಿ ಕಟ್ಟದೆ ಒಸಡಿನಲ್ಲಿ ರಕ್ತ ಬರುತ್ತದೆ. ಊಟದ ಲಿಂಬೆ ಬೇಕೇ ಬೇಕು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಕಾರ್ಬೊನಿಲ್ ಕಲೆ ಬಿದ್ದ ಪ್ರೋಟೀನನ್ನು ಅದು ಮೊದಲಿನಂತೆ ಮಾಡುವುದಿಲ್ಲ.

ಇಂಡಿ ಲಿಂಬೆ

ಊಟದ ಲಿಂಬೆ ಬೇಕೇ ಬೇಕು. ಇದನ್ನು ಎಲ್ಲರೂ ಓದಿಕೊಳ್ಳಿ.

ಕೃಷ್ಣೆಯ ದಂಡೆ

ವಾಟ್ಸ್ಆಪ್‌ನಲ್ಲಿ ಬಂದಿತ್ತು: ಹದಿನಾರು ಗಂಟೆ ಉಪವಾಸ ಮಾಡಿದರೆ ಜೀವಕೋಶ ತನ್ನ ಕಸ ತಾನೇ ತಿನ್ನುತ್ತದೆ, ಜಪಾನಿನ ವಿಜ್ಞಾನಿಗೆ ಅದಕ್ಕೆ ನೊಬೆಲ್ ಬಂದಿದೆ, ನಮ್ಮವರು ಏಕಾದಶಿಯಲ್ಲಿ ಇದನ್ನು ಎಂದೋ ಹೇಳಿದ್ದರು.

ಬಾದಾಮಿ ಬಂಡೆ

ನಮ್ಮ ಮನೆಯ ಏಕಾದಶಿಯಲ್ಲಿ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಮೇಲೊಂದು ಲೋಟ ಹಾಲು. ಕಸ ತಿನ್ನಲು ಜೀವಕೋಶಕ್ಕೆ ಹೊಟ್ಟೆಯಲ್ಲಿ ಜಾಗವೇ ಇರುವುದಿಲ್ಲ.

ಪ್ರಯೋಗಾಲಯದ ಮೂಲೆ

ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ. ಅವರು ಉಪವಾಸ ಕೆಡವಿದ್ದು ಯೀಸ್ಟನ್ನು, ಮನುಷ್ಯರನ್ನಲ್ಲ. ಪೋಷಕಾಂಶ ಇಲ್ಲದಾಗ ಯೀಸ್ಟು ತನ್ನದೇ ಒಳಸರಕನ್ನು ಪೊರೆಯಲ್ಲಿ ಸುತ್ತಿ ಜೀರ್ಣಿಸಿಕೊಳ್ಳುವುದನ್ನು ಕಂಡು, ಅದಕ್ಕೆ ಬೇಕಾದ ಜೀನುಗಳನ್ನು ಹುಡುಕಿದರು. ಆಟೋಫೇಜಿ ಎಂಬ ಹೆಸರಿಟ್ಟವರು ಅದಕ್ಕೂ ಮುಂಚಿನ ಕ್ರಿಶ್ಚಿಯನ್ ಡಿ ಡೂವ್, 1963ರಲ್ಲಿ. ಹದಿನಾರು ಗಂಟೆ ಎಂಬ ಲೆಕ್ಕ ಆ ನೊಬೆಲ್‌ನಲ್ಲಿ ಎಲ್ಲೂ ಇಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಇಂಥದ್ದಕ್ಕೆ ಕೈ ಹಾಕಬೇಡಿ.

ಬಾದಾಮಿ ಬಂಡೆ

ಮೇಲೆ ಮಸೂರದ ಮಾತು ಬಂದಿತ್ತಲ್ಲ, ಹೊಸ ಪ್ರೋಟೀನು ಕಟ್ಟದ ಇನ್ನೊಬ್ಬರು ರಕ್ತದಲ್ಲಿದ್ದಾರೆ. ಕೆಂಪು ರಕ್ತಕಣ. ನ್ಯೂಕ್ಲಿಯಸ್ಸಿಲ್ಲ, ಮೈಟೊಕಾಂಡ್ರಿಯಾ ಇಲ್ಲ, 120 ದಿನ ಆಮ್ಲಜನಕವನ್ನೇ ಹೊತ್ತು ತಿರುಗಬೇಕು. ಎನ್‌ಎಡಿಪಿಎಚ್‌ಗಾಗಿ ಜಿ6ಪಿಡಿ ಎಂಬ ಒಂದೇ ಕಿಣ್ವವನ್ನು ನೆಚ್ಚಿಕೊಂಡಿರುತ್ತದೆ.

ಆ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರು ಇದ್ದಾರೆ, ಹೆಚ್ಚಾಗಿ ಗಂಡುಮಕ್ಕಳು. ನನ್ನ ಸೋದರಳಿಯ ಹಾಗೆಯೇ, ಯಾರಿಗೂ ಗೊತ್ತಿರಲಿಲ್ಲ. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಕೊಟ್ಟರು. ಮೂರನೆಯ ದಿನ ಹುಡುಗನ ಕಣ್ಣು ಹಳದಿ, ಮೂತ್ರ ಹಾಲಿಲ್ಲದ ಚಹಾದ ಬಣ್ಣ. ಹಿಮೋಗ್ಲೋಬಿನ್ ಆಕ್ಸಿಡೀಕರಣಗೊಂಡು ಉಂಡೆಯಾಗಿ ಕಣದ ಗೋಡೆಗೆ ಅಂಟಿತ್ತು. ಅವಕ್ಕೆ ಹೈನ್ಜ್ ಕಾಯಗಳು ಎನ್ನುತ್ತಾರೆ. ಗುಲ್ಮ (ಸ್ಪ್ಲೀನ್) ಆ ಉಂಡೆಯನ್ನು ಕಿತ್ತುಕೊಳ್ಳುವಾಗ ಕಣದ ಅಂಚೇ ಕಚ್ಚಿ ಹೋಗುತ್ತದೆ. ಸ್ಲೈಡಿನಲ್ಲಿ ನೋಡಿದೆ, ಯಾರೋ ಒಂದು ತುತ್ತು ಕಚ್ಚಿಟ್ಟ ರೊಟ್ಟಿಯ ಹಾಗೆ. ಮಾತ್ರೆ ನಿಲ್ಲಿಸಿದರು, ಹುಡುಗ ಚೇತರಿಸಿಕೊಂಡ. ಅಂದಿನಿಂದ ಪ್ರೈಮಾಕ್ವಿನ್ ಬರೆದ ಡಾಕ್ಟರರ ಚೀಟಿ ಬಂದರೆ ಜಿ6ಪಿಡಿ ಪರೀಕ್ಷೆ ಆಗಿದೆಯೇ ಎಂದು ಕೇಳದೆ ನಾನು ಮಾತ್ರೆ ಕೊಡುವುದಿಲ್ಲ.

ಹಳ್ಳೂರ ಹೊಳೆ

ಇಷ್ಟೆಲ್ಲ ಓದಿದ ಮೇಲೆ ನನಗೊಂದು ಗೊಂದಲ. ನಮ್ಮ ದೊಡ್ಡಪ್ಪನಿಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್. ಬೋರ್ಟೆಜೊಮಿಬ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಹಾಳೆ ಓದಿದರೆ ಅದು ಪ್ರೋಟಿಯಾಸೋಮನ್ನು ತಡೆಯುವ ಔಷಧವಂತೆ. ಇಷ್ಟು ಹೊಗಳಿದ ಕುಲುಮೆಯನ್ನು ಡಾಕ್ಟರರು ಯಾಕೆ ಆರಿಸುತ್ತಿದ್ದಾರೆ?

ಪ್ರಯೋಗಾಲಯದ ಮೂಲೆ

ಆ ಕ್ಯಾನ್ಸರ್ ಕೋಶಗಳು ಪ್ರತಿಕಾಯ ತಯಾರಿಸುವ ಜಾತಿಯವು. ಹಗಲೂ ರಾತ್ರಿ ಪ್ರೋಟೀನು ಸುರಿಯುತ್ತವೆ, ಆದ್ದರಿಂದ ತಪ್ಪು ಮಡಿಕೆಯ ಕಸವೂ ವಿಪರೀತ. ಗುಜರಿ ಒಂದು ದಿನ ಮುಚ್ಚಿದರೆ ಸಣ್ಣ ಮನೆ ಸುಧಾರಿಸಿಕೊಳ್ಳುತ್ತದೆ, ದೊಡ್ಡ ಕಾರ್ಖಾನೆ ಕಸದಲ್ಲೇ ಉಸಿರುಗಟ್ಟುತ್ತದೆ. ಔಷಧ ನಂಬಿರುವುದು ಮುಖ್ಯವಾಗಿ ಆ ವ್ಯತ್ಯಾಸವನ್ನು. ಅಮೆರಿಕದಲ್ಲಿ 2003ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ದೊಡ್ಡಪ್ಪನವರಿಗೆ ಅಂಗಾಲು ಜುಮುಗುಟ್ಟುತ್ತಿದ್ದರೆ, ಉರಿಯುತ್ತಿದ್ದರೆ ಮುಂದಿನ ಸಲ ತಪ್ಪದೆ ಡಾಕ್ಟರರಿಗೆ ಹೇಳಿ. ನರಕೋಶಗಳಿಗೂ ಇದರ ಬಿಸಿ ತಟ್ಟುತ್ತದೆ.

ಹಳ್ಳೂರ ಹೊಳೆ

ಜುಮುಗುಟ್ಟುತ್ತದೆ ಎನ್ನುತ್ತಿದ್ದರು, ಚಪ್ಪಲಿಯ ದೋಷ ಎಂದುಕೊಂಡಿದ್ದೆವು. ಸೋಮವಾರವೇ ಹೇಳುತ್ತೇವೆ. ಬಹಳ ಉಪಕಾರವಾಯಿತು.

ಎರಡನೆಯ ಬೆಂಚು

ನಮಸ್ತೆ ಮಿಸ್, ನಾನೇ ಆ ಪ್ರಶ್ನೆ ಕೇಳಿದವಳು. ಎಲ್ಲವನ್ನೂ ಓದಿದೆ. ಇನ್ನೊಂದು ಪ್ರಶ್ನೆ. ಪ್ರೋಟಿಯಾಸೋಮೂ ಪ್ರೋಟೀನೇ. ರಿಡಕ್ಟೇಸೂ ಪ್ರೋಟೀನೇ. ಕ್ಯಾಟಲೇಸೂ ಪ್ರೋಟೀನೇ. ಇವಕ್ಕೇ ತುಕ್ಕು ಹಿಡಿದರೆ?

ಗೋಕಾಕ ಕರದಂಟು

ಟೀಚರ್, ಈ ಹುಡುಗಿಗೆ ಮುಂದಿನ ಬೆಂಚು ಕೊಡಿ.

ಪ್ರಯೋಗಾಲಯದ ಮೂಲೆ

ತಂಗೀ, ಹಿಡಿಯುತ್ತದೆ. ಕೆಟ್ಟ ಪ್ರೋಟಿಯಾಸೋಮನ್ನು ಲೈಸೋಸೋಮಿನ ದಾರಿಗೆ ಕಳಿಸುತ್ತವೆ. ಯೀಸ್ಟಿನಲ್ಲಿ, ಸಸ್ಯಗಳಲ್ಲಿ ಇದನ್ನು ತೋರಿಸಿದ್ದಾರೆ. ಒಟ್ಟಾರೆ ವಯಸ್ಕ ದೇಹ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನು ಒಡೆದು ಮತ್ತೆ ಕಟ್ಟುತ್ತದೆ, ನಾವು ತಿನ್ನುವುದು ಅದರ ಕಾಲುಭಾಗದಷ್ಟು. ಆ ಲೆಕ್ಕದಲ್ಲಿ ಒಡೆಯುವವರೂ ಸೇರಿದ್ದಾರೆ.

ಇದಕ್ಕಿಂತ ವಿಚಿತ್ರವಾದದ್ದು ಬ್ಯಾಕ್ಟೀರಿಯಾದ ಎಚ್‌ಎಸ್‌ಪಿ33. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಅವುಗಳ ಪ್ರೋಟೀನು ಮಡಿಕೆ ಬಿಚ್ಚಿಕೊಳ್ಳುತ್ತದೆ. ಎಚ್‌ಎಸ್‌ಪಿ33 ಕೂಡ ಅರ್ಧ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡ ಮೇಲೆಯೇ ಕೆಲಸಕ್ಕೆ ಬಂದು ಬೇರೆಯವನ್ನು ಹಿಡಿದು ಕಾಪಾಡುತ್ತದೆ. ಕೆಟ್ಟಾಗಲೇ ಕೆಲಸ ಮಾಡುವ ಪ್ರೋಟೀನು. ಇದನ್ನು ಓದಿದ ದಿನವೇ ನಾನು ಈ ಕಡೆ ತಿರುಗಿದ್ದು.

ನವನಗರ ಟೀಚರ್ (ಬಾಗಲಕೋಟೆ)

ಎಲ್ಲರಿಗೂ ಧನ್ಯವಾದ. ಇವತ್ತಿನ ತರಗತಿಯ ವರದಿ.

ಔಷಧಿ ಅಂಗಡಿಯಿಂದ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ತರಿಸಿದೆ. ಎರಡು ಬಟಾಟೆ ಹೋಳು, ಒಂದು ಹಸಿ, ಒಂದು ಕುದಿಸಿದ್ದು. ಹಸಿಯದರ ಮೇಲೆ ಎರಡು ಹನಿ ಬಿಟ್ಟ ಕೂಡಲೇ ಬುಸಬುಸ ನೊರೆ, ಹಿಂದಿನ ಬೆಂಚಿನವರು ಎದ್ದು ಬಂದರು. ಕುದಿಸಿದ್ದರ ಮೇಲೆ ಹನಿ ಸುಮ್ಮನೆ ಕುಳಿತಿತ್ತು. ನಾನು ಬಾಯಿ ಬಿಡುವ ಮೊದಲೇ ಎರಡನೆಯ ಬೆಂಚು ಹೇಳಿತು: "ಕ್ಯಾಟಲೇಸ್ ಬೆಂದುಹೋಗಿದೆ ಮಿಸ್."

ಆಮೇಲೆ ಮಾವನವರ ಪುಡಿಯನ್ನು ನೀರಿನಲ್ಲಿ ಕದಡಿ ಕುದಿಸಿದ ಹೋಳಿನ ಮೇಲೆ ಹಾಕಿ ನೋಡೋಣ ಎಂದರು ಹುಡುಗರು. ಬೆಂದ ಪ್ರೋಟೀನು ಅದರಿಂದ ಎದ್ದು ಕೂಡುವುದಿಲ್ಲ ಎಂದು ಮೊದಲೇ ಗೊತ್ತಿತ್ತು, ಆದರೂ ಹಾಕಿದೆವು. ಬಟಾಟೆ ಹಸಿರಾಯಿತು. ನೊರೆ ಬರಲಿಲ್ಲ.

ಮನೆಗೆ ಬಂದು ಮಾವನವರಿಗೆ ರಿಪೇರಿ, ಗುಜರಿ, ಕಿಟ್ಟ, ವೈಂಡಿಂಗ್ ಅಂಗಡಿ ಎಲ್ಲ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಎಲ್ಲ ಸರಿ ಅವ್ವಾ, ಆದರೆ ರೊಕ್ಕ ಕೊಟ್ಟು ತಂದಿದ್ದೇನೆ" ಎಂದು ಒಂದು ಚಮಚ ಹಾಲಿಗೆ ಹಾಕಿ ಕುಡಿದರು.

ಉದ್ಯಮಬಾಗ ಎರಕ (ಬೆಳಗಾವಿ)

ಮಾವನವರ ಪರವಾಗಿ ನನ್ನದೊಂದು ಮತ. ಮಕ್ಕಳನ್ನು ಕರೆದುಕೊಂಡು ಬನ್ನಿ ಟೀಚರ್, ಕಿಟ್ಟ ಎಳೆಯುವುದನ್ನು ತೋರಿಸುತ್ತೇನೆ. ಶನಿವಾರ ಹನ್ನೊಂದರ ಒಳಗೆ ಬಂದರೆ ಕುಲುಮೆ ಬಿಸಿ ಇರುತ್ತದೆ. ಕಾಲಿಗೆ ಶೂ ಇರಲಿ, ನೈಲಾನ್ ಬಟ್ಟೆ ಬೇಡ.